ಸಾವಿರ ಸುರಂಗಗಳಿಗೆ ಎಂಥ ಯಂತ್ರ?

೨೦೨೦ನೆಯ ಇಸವಿಯ ಮಾರ್ಚಿ ತಿಂಗಳ ಕೊನೆಯ ವಾರದಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತಾಗ, ಬೆಂಗಳೂರಿನ ಅನೇಕ ಕಚೇರಿಗಳ ಕೆಲಸವೂ ನೌಕರರ ಮನೆಗಳಿಗೆ ಹೋಯಿತು. ಅಂತರ್ಜಾಲದ ಮೂಲಕ ಕಚೇರಿಯವರೆಗೆ ಗೂಢಲಿಪಿಯ ಸುರಂಗ ತೋಡುವ ವಿ.ಪಿ.ಎನ್. ಯಂತ್ರವನ್ನು ಪ್ರವಾಸದಲ್ಲಿರುವ ಹತ್ತಾರು ಮಂದಿಗೆಂದು ಇಟ್ಟುಕೊಂಡು, ಅದರ ಬಾಗಿಲಿಗೆ ಸಾವಿರಾರು ಜನ ಒಮ್ಮೆಗೇ ಬಂದು ನಿಂತರೆ ಏನಾಗುವುದೆಂಬುದು ಆಗ ತಿಳಿಯಿತು. ಆದರೂ ಮಾರಾಟಗಾರನ ಪತ್ರದಲ್ಲಿ ಅಚ್ಚಾದ ‘ಇಷ್ಟು ಸಾವಿರ ಸಂಪರ್ಕಗಳು’ ಎಂಬ ಒಂದೇ ಅಂಕಿಯನ್ನು ನಂಬಿ ಹಣ ತೆರುವುದು ನಮಗೆ ಸರಿಯೆನಿಸದು.

ಸುಮ್ಮನೆ ತೆರೆದಿಟ್ಟ ಸಂಪರ್ಕವು ಯಂತ್ರಕ್ಕೆ ಅಷ್ಟೇನೂ ಭಾರವಲ್ಲ. ಭಾರವಿರುವುದು ಅದರೊಳಗೆ ಹರಿಯುವ ಪ್ಯಾಕೆಟ್ಟುಗಳಲ್ಲಿ. ಪ್ರತಿಯೊಂದನ್ನೂ ಗೂಢಲಿಪಿಗೆ ತಿರುಗಿಸಿ, ಮುದ್ರೆಯೊತ್ತಿ, ದಾರಿಗೆ ಹಚ್ಚಬೇಕು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಈಥರ್ನೆಟ್ ತಂತಿಯಲ್ಲಿ ೧೫೦೦ ಬೈಟಿನ ಪ್ಯಾಕೆಟ್ಟುಗಳಾದರೆ ಸೆಕೆಂಡಿಗೆ ಸುಮಾರು ೮೧ ಸಾವಿರ ಹಿಡಿಯುತ್ತವೆ. ಅತಿ ಸಣ್ಣವಾದರೆ ೧೪ ಲಕ್ಷ ೮೮ ಸಾವಿರ. ಜಾಹೀರಾತಿನ ವೇಗವನ್ನು ಸಾಮಾನ್ಯವಾಗಿ ದೊಡ್ಡವುಗಳಿಂದಲೇ ಅಳೆದಿರುತ್ತಾರೆ. ದೂರವಾಣಿಯ ಸಂಭಾಷಣೆಯಾದರೋ ಸಣ್ಣವುಗಳನ್ನು, ಪ್ರತಿ ದಿಕ್ಕಿಗೂ ಸೆಕೆಂಡಿಗೆ ಸಾಧಾರಣವಾಗಿ ೫೦ರಂತೆ ಕಳುಹಿಸುತ್ತದೆ. ಸಾವಿರ ಜನ ಮಾತಿಗೆ ತೊಡಗಿದರೆ ಎರಡೂ ದಿಕ್ಕು ಸೇರಿ ಲಕ್ಷವಾಯಿತು! ತಂತಿಯ ಬಹುಭಾಗ ಬರಿದಾಗಿದ್ದರೂ ಯಂತ್ರವು ಏದುಸಿರು ಬಿಡಬಹುದು.

ಆದ್ದರಿಂದ ಮೊದಲು ವಿಚಾರಿಸಬೇಕಾದುದು ಪ್ರೊಸೆಸರನ್ನು. ಬೆಲ್ಜಿಯಮ್ಮಿನ ಡೇಮನ್ ಮತ್ತು ರೈಮನ್ ರಚಿಸಿ, ೨೦೦೧ರಲ್ಲಿ ಅಮೆರಿಕವು ತನ್ನ ಮಾನಕವಾಗಿ ಅಂಗೀಕರಿಸಿದ ಎ.ಇ.ಎಸ್. ಗೂಢಲಿಪಿಗೆಂದೇ ಪ್ರತ್ಯೇಕ ಆಜ್ಞೆಗಳು ೨೦೧೦ರಿಂದ ಇಂಟೆಲ್ ಚಿಪ್ಪುಗಳಲ್ಲಿ ಬರತೊಡಗಿದವು. ಇವಿಲ್ಲದ ಅಗ್ಗದ ಪೆಟ್ಟಿಗೆಯು ಅದೇ ಲೆಕ್ಕವನ್ನು ಸುತ್ತುಬಳಸಿ ಮಾಡಬೇಕು. ರಾಸ್ಪ್‌ಬೆರಿ ಪೈ ೪ರಲ್ಲಿ ಇವಿಲ್ಲ; ೫ರಲ್ಲಿವೆ. ತಂತ್ರಾಂಶವನ್ನೂ ಕೇಳಬೇಕು. ಓಪನ್‌ವಿಪಿಎನ್ನಿನ ಸಾಂಪ್ರದಾಯಿಕ ಪ್ರಕ್ರಿಯೆಯು ಒಂದೇ ಕೋರಿನಲ್ಲಿ ನಡೆಯುವುದು. ಮೂವತ್ತೆರಡು ಕೋರುಗಳ ಯಂತ್ರ ಕೊಂಡು ಅದರಲ್ಲಿ ಇಂಥ ಒಂದೇ ಪ್ರಕ್ರಿಯೆಯನ್ನು ಓಡಿಸುವವನು ಕೊಟ್ಟಿಗೆ ತುಂಬ ಎತ್ತು ಕಟ್ಟಿ ಒಂದನ್ನೇ ಹೂಡಿದಂತೆ. ಕಾಕತಾಳೀಯವಾಗಿ ಅದೇ ೨೦೨೦ರ ಮಾರ್ಚಿಯಲ್ಲಿ ಲಿನಕ್ಸ್ ಕರ್ನೆಲ್ಲನ್ನು ಸೇರಿದ ವೈರ್‌ಗಾರ್ಡ್ ಕೆಲಸವನ್ನು ಎಲ್ಲ ಕೋರುಗಳಿಗೂ ಹಂಚುತ್ತದೆ; ಅದು ಎ.ಇ.ಎಸ್. ಅನ್ನು ಬಳಸುವುದೇ ಇಲ್ಲವಾದುದರಿಂದ ಮೇಲಿನ ಆಜ್ಞೆಗಳ ಪ್ರಶ್ನೆ ಅಲ್ಲಿ ಏಳದು.

ಎಲ್ಲಕ್ಕಿಂತ ಕಠಿನವಾದ ಗಳಿಗೆ ಬೇರೆ. ವಿದ್ಯುತ್ತು ಹೋಗಿ ಬಂದೊಡನೆ ಸಾವಿರ ಮಂದಿಯೂ ಒಟ್ಟಿಗೆ ಗುರುತು ಹೇಳಿ ಹೊಸ ಕೀಲಿಕೈ ಗೊತ್ತುಮಾಡಿಕೊಳ್ಳಲು ನುಗ್ಗುತ್ತಾರೆ. ಆ ಗಣಿತವು ಒಂದು ಪ್ಯಾಕೆಟ್ಟಿನ ಗೂಢೀಕರಣಕ್ಕಿಂತ ಎಷ್ಟೋ ಪಾಲು ದುಬಾರಿ. ಒಂದೇ ಮಹಾಯಂತ್ರಕ್ಕಿಂತ, ಒಂದು ಕೆಟ್ಟರೆ ಇನ್ನೊಂದೇ ಇಡೀ ಹೊರೆ ಹೊರಬಲ್ಲಂಥ ಎರಡು ಸಾಧಾರಣ ಯಂತ್ರಗಳೇ ಮೇಲೆಂದು ನಮ್ಮ ಅಭಿಪ್ರಾಯ. ಕೊಳ್ಳುವವರು ಮೊದಲು ಒಂದನ್ನು ಎರವಲು ಪಡೆದು, ತಮ್ಮದೇ ಸಂಚಾರವನ್ನು ಹರಿಸಿ, ತಂತಿಯನ್ನು ಕಿತ್ತು ಮತ್ತೆ ಜೋಡಿಸಿ ನೋಡಲಿ. ಇದಕ್ಕೆ ಒಪ್ಪದ ಮಾರಾಟಗಾರರೂ ಉಂಟು. ಅಂಥವರ ಅಂಕಿಯನ್ನು ಅರ್ಧಕ್ಕಿಳಿಸಿ ಓದುವುದು ನಮ್ಮ ವಾಡಿಕೆ.