ಕೂತು ಗೆದ್ದವರ ಪಾಠ

ಹಾಸ್ಟೆಲಿನ ಗೆಳೆಯರೆ, ಗೆಳತಿಯರೆ,

ಹೆಬ್ಬಾಳ, ಯಲಹಂಕ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆ ನಿಮಗೆಲ್ಲ ಗೊತ್ತು. ಅದರಾಚೆಗೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಇದೆ. ಅಲ್ಲಿನ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಏರೋಸ್ಪೇಸ್ ಪಾರ್ಕಿಗೆಂದು ಕಿತ್ತುಕೊಳ್ಳಲು ಸರ್ಕಾರ ಹೊರಟಿತು. 2022ರ ಏಪ್ರಿಲ್ 4ರಂದು ಜನ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ‘ಭೂಸ್ವಾಧೀನ ಕೈಬಿಟ್ಟಿದ್ದೇವೆ’ ಅಂತ ಹೇಳುವ ಹೊತ್ತಿಗೆ 1,198 ದಿನ ಆಗಿತ್ತು. ಮೂರು ಸಲ ರಾಗಿ ಬಿತ್ತಿ ಕೊಯ್ಯುವಷ್ಟು ಕಾಲ. ನಿಮ್ಮಲ್ಲೊಬ್ಬ ಡಿಗ್ರಿಗೆ ಸೇರಿ ಪಾಸಾಗಿ ಹೊರಗೆ ಬರುವಷ್ಟು ಕಾಲ.

‘ಶಾಂತಿಯಿಂದಿರಿ’ ಅಂತ ನಮ್ಮ ಜನಕ್ಕೆ ಮೊದಲಿನಿಂದಲೂ ಹೇಳಿದ್ದಾರೆ. ಬಾಯಿ ಮುಚ್ಚಿಕೊಂಡಿರಿ ಅಂತ ಅದರ ಅರ್ಥ. ಚನ್ನರಾಯಪಟ್ಟಣದವರು ಕಲ್ಲೆತ್ತಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಕಂಡರೇ ಅಧಿಕಾರಕ್ಕೆ ಭಯ.

ಇಲ್ಲಿ ಇನ್ನೊಂದು ಗಮನಿಸಿ. ಧರಣಿ ಶುರುವಾದಾಗ ಬಿಜೆಪಿ ಸರ್ಕಾರವಿತ್ತು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಅಲ್ಲಿಗೇ ಹೋಗಿ ‘ನಿಮ್ಮ ಜೊತೆಗಿದ್ದೇವೆ’ ಅಂದರು. 2023ರಲ್ಲಿ ಅವರೇ ಮುಖ್ಯಮಂತ್ರಿ ಆದರು. ಆದರೂ ಫೈಲು ಮುಚ್ಚಲು ಇನ್ನೂ ಎರಡು ವರ್ಷ ಬೇಕಾಯ್ತು. ಕುರ್ಚಿ ಮೇಲೆ ಕೂತವರಿಗೆ ಮರೆವು ಬೇಗ ಬರುತ್ತೆ. ನೆಲದ ಮೇಲೆ ಕೂತವರಿಗೆ ಎಲ್ಲ ನೆನಪಿರುತ್ತೆ. ಕೊಟ್ಟ ಮಾತನ್ನು ಕೊಟ್ಟವನಿಗೇ ದಿನಾ ನೆನಪಿಸುವುದು, ಧರಣಿ ಅಂದರೆ ಇಷ್ಟೇ.

ಇದು ರೈತರ ಜಗಳ, ನಮಗೇನು ಅನ್ನುವವರೂ ಇದ್ದಾರೆ. ಆ ಹಳ್ಳಿಗಳಲ್ಲಿ ತುಂಡು ಭೂಮಿಯ ದಲಿತ ಕುಟುಂಬಗಳೂ ಇವೆ. ಕೆಐಎಡಿಬಿ ಭೂಮಿ ತಗೊಂಡರೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲೇ ಕಳೆ ಕಿತ್ತು, ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ನಮ್ಮನ್ನು ಓದಿಸುವ ಅವ್ವನ ಹೆಸರು ಯಾವ ಪಹಣಿಯಲ್ಲಿದೆ?

ಇನ್ನು ಕೆಲವರು ಬಾಬಾಸಾಹೇಬರನ್ನೇ ನಮ್ಮ ಮುಂದೆ ತಂದು ನಿಲ್ಲಿಸುತ್ತಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹವನ್ನೂ ಬಿಡಬೇಕು ಅಂತ ಅವರು ಹೇಳಿದ್ದು ನಿಜ. 1927ರಲ್ಲಿ ಮಹಾಡಿನ ಕೆರೆ ನೀರಿಗಾಗಿ ಸತ್ಯಾಗ್ರಹ ನಡೆಸಿದವರ ಮಾತು ಅದು, ಹಗುರಾಗಿ ತಳ್ಳುವಂಥದ್ದಲ್ಲ. ಆದರೆ ಅದೇ ಸಂವಿಧಾನದ 19ನೇ ವಿಧಿ ಆಯುಧವಿಲ್ಲದೆ, ಶಾಂತಿಯಿಂದ ಸಭೆ ಸೇರುವ ಹಕ್ಕನ್ನು ನಮಗೆ ಕೊಟ್ಟಿದೆ. ಹಾಗಾಗಿ ಚನ್ನರಾಯಪಟ್ಟಣದವರು ಕೂತದ್ದು ಸಂವಿಧಾನದ ದಾರಿಯಲ್ಲೇ.

ಆ ದಾರಿಯನ್ನು ಕಿರಿದು ಮಾಡುತ್ತಿರುವವರು ಯಾರು? 2021ರ ಆದೇಶದ ಪ್ರಕಾರ ಬೆಂಗಳೂರು ನಗರದಲ್ಲಿ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್ ಒಂದೇ. ಅದು ಹಳೇ ಸೆಂಟ್ರಲ್ ಜೈಲು. ಜೈಲಿದ್ದ ಜಾಗದಲ್ಲಿ ಮಾತ್ರ ಸ್ವಾತಂತ್ರ್ಯ! 2025ರ ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಹೋರಾಟಗಾರರನ್ನು ಎಳೆದೊಯ್ದರು. ಮತ್ತೆ ಅವರು ಬಂದು ಕೂತದ್ದು ಅದೇ ಫ್ರೀಡಂ ಪಾರ್ಕಿನಲ್ಲಿ.

ಗೆದ್ದೆವು ಅಂತ ಮಲಗುವ ಹಾಗಿಲ್ಲ. ಸ್ವಂತ ಇಚ್ಛೆಯಿಂದ ಕೊಡುವವರ ಭೂಮಿ ತಗೊಳ್ಳುತ್ತೇವೆ ಅಂತಲೂ ಅದೇ ಜುಲೈ 15ರಂದು ಮುಖ್ಯಮಂತ್ರಿ ಹೇಳಿದ್ದಾರೆ. ಸಾಲಗಾರನ ಮನೆಗೆ ದಲ್ಲಾಳಿ ಹೋದರೆ ‘ಇಚ್ಛೆ’ ಹೇಗೆ ಹುಟ್ಟುತ್ತದೆ ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ.

ಅದಕ್ಕೇ ಓದು ಬಲ್ಲ ನೀವು ಬೇಕು. ರಜೆಗೆ ಊರಿಗೆ ಹೋದಾಗ ಮನೆಯ ಪಹಣಿ, ಸಾಗುವಳಿ ಚೀಟಿ ತೆಗೆದು ಓದಿ. ಬಂದ ನೋಟಿಸನ್ನು ಕೇರಿಯ ಹಿರಿಯರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ. ಅವರ ಜೊತೆ ತಾಲ್ಲೂಕು ಕಚೇರಿಗೆ ಹೋಗಿ. ಮಂತ್ರಿ ವೇದಿಕೆ ಮೇಲೆ ಏನು ಹೇಳಿದ ಅಂತ ತಾರೀಖು ಹಾಕಿ ಬರೆದಿಡಿ. ಮುಂದೆ ಎಲ್ಲಾದರೂ ಜನ ಧರಣಿ ಕೂತರೆ ಒಂದು ದಿನವಾದರೂ ಪಕ್ಕದಲ್ಲಿ ಕೂತು ಬನ್ನಿ.

ನಾಯಕರು ತಾವಾಗಿ ನ್ಯಾಯದ ಕಡೆ ನಡೆಯುವುದಿಲ್ಲ. ಅವರನ್ನು ನಡೆಸಬೇಕಾದರೆ ನಾವು ಕೂರಬೇಕು.

ಜೈಭೀಮ್.