ಪಟೇಲಪ್ಪನ ವಿದೇಶ ವ್ಯಾಸಂಗ

ಕಳೆದ ವರ್ಷದ ಸೆಪ್ಟೆಂಬರ್‌ನಲ್ಲಿ ನನ್ನ ತಮ್ಮನ ಮಗಳು ಒಂದು ಸೆಮಿಸ್ಟರ್ ವ್ಯಾಸಂಗಕ್ಕಾಗಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್ ನಗರಕ್ಕೆ ಹೊರಟಾಗ ಅವಳ ಕೈಚೀಲದಲ್ಲಿ ಹೆಬ್ಬೆರಳುದ್ದದ ಸಹಪ್ರಯಾಣಿಕನೊಬ್ಬನಿದ್ದ. ಚನ್ನಪಟ್ಟಣದ ಮರದ ಗೊಂಬೆ; ಕೆಂಪು ಪೇಟ, ಹಳದಿ ಅಂಗಿ. ಅವಳ ಬಾಲ್ಯದಲ್ಲಿ ನಾನೇ ಕೊಡಿಸಿದ ಆ ಗೊಂಬೆಗೆ ಪಟೇಲಪ್ಪ ಎಂದು ಅವಳು ಹೆಸರಿಟ್ಟಿದ್ದಳು. ಮುಂದಿನ ಐದು ತಿಂಗಳು ನಮ್ಮ ಕುಟುಂಬಕ್ಕೆ ಬಂದ ವರದಿಗಳೆಲ್ಲ ಪಟೇಲಪ್ಪನವೇ. ಸೈಕಲ್ಲಿನ ಬುಟ್ಟಿಯಲ್ಲೋ ಗ್ರಂಥಾಲಯದ ಮೇಜಿನ ಮೇಲೋ ಅವನನ್ನು ಕೂರಿಸಿ ತೆಗೆದ ಚಿತ್ರ. ಅದರ ಕೆಳಗೆ ಅವನ ಬಾಯಲ್ಲಿ ಎರಡು ಸಾಲು.

ಇದು ಹೊಸ ಆಟವೇನಲ್ಲ. ಅಮೆರಿಕದ ಜೆಫ್ ಬ್ರೌನ್ 1964ರಲ್ಲಿ ಪ್ರಕಟಿಸಿದ ಮಕ್ಕಳ ಕಥೆಯೊಂದರಲ್ಲಿ ಚಪ್ಪಟೆಯಾದ ಸ್ಟ್ಯಾನ್ಲಿ ಎಂಬ ಹುಡುಗ ಲಕೋಟೆಯೊಳಗೆ ಕುಳಿತು ಪ್ರಯಾಣ ಮಾಡುತ್ತಾನೆ. ಕೆನಡಾದ ಶಿಕ್ಷಕ ಡೇಲ್ ಹ್ಯೂಬರ್ಟ್ 1995ರಲ್ಲಿ ಇದನ್ನೇ ಪಾಠವಾಗಿಸಿದರು. ಮಕ್ಕಳು ಕಾಗದದ ಸ್ಟ್ಯಾನ್ಲಿಯನ್ನು ಅಂಚೆಯಲ್ಲಿ ಕಳುಹಿಸುವುದು, ತಲುಪಿದ ಊರಿನವರು ಅವನ ದಿನಚರಿ ಬರೆಯುವುದು. ತನ್ನ ಬಾಯಲ್ಲಿ ಹೇಳಲಾಗದ್ದನ್ನು ಮಗು ಗೊಂಬೆಯ ಬಾಯಲ್ಲಿ ಸಲೀಸಾಗಿ ಹೇಳುತ್ತದೆ. ಇಪ್ಪತ್ತು ತುಂಬಿದವರಿಗೂ ಈ ಮಾತು ಅನ್ವಯಿಸುತ್ತದೆ ಎಂಬುದು ನನಗೆ ಆನಂತರ ಅರಿವಾಯಿತು.

ಮೊದಮೊದಲು ಪಟೇಲಪ್ಪನ ಬರಹದಲ್ಲಿ ವಿನೋದವಿತ್ತು. ರೋಟರ್‌ಡ್ಯಾಮ್‌ನಲ್ಲಿ ಹುಟ್ಟಿದ ವಿದ್ವಾಂಸ ಎರಾಸ್ಮಸ್‌ನ ಕಂಚಿನ ಪ್ರತಿಮೆ 1622ರಿಂದ ಆ ನಗರದಲ್ಲಿದೆ. ಕೈಯಲ್ಲಿ ತೆರೆದ ಪುಸ್ತಕ. ಗಂಟೆಯ ಸದ್ದು ಕೇಳಿದಾಗ ಆತ ಪುಟ ತಿರುವುತ್ತಾನೆಂದು ಸ್ಥಳೀಯರ ತಮಾಷೆ. ಅದರ ಮುಂದೆ ನಿಂತ ಪಟೇಲಪ್ಪ ವರದಿ ಮಾಡಿದ: ‘ಈ ಯಜಮಾನರಾದರೂ ಗಂಟೆಗೊಂದು ಪುಟ ತಿರುವುತ್ತಾರೆ. ನಮ್ಮ ಹುಡುಗಿ ಬೆಳಗಿನಿಂದ ಒಂದೇ ಪುಟದಲ್ಲಿದ್ದಾಳೆ.’

ಡಿಸೆಂಬರ್‌ನಲ್ಲಿ ಧಾಟಿ ಬದಲಾಯಿತು. ‘ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು ದೊಡ್ಡಪ್ಪ. ಇವತ್ತು ಇವಳು ನನ್ನೊಬ್ಬನ ಜೊತೆಯಲ್ಲಿ ಮಾತ್ರ ಮಾತನಾಡಿದಳು.’ ಫೋನ್ ಮಾಡಿದರೆ ಅವಳ ಉತ್ತರ ಒಂದೇ: ‘ಚೆನ್ನಾಗಿದ್ದೀನಿ ದೊಡ್ಡಪ್ಪ.’ ತಮ್ಮ ಅವಳನ್ನು ವಾಪಸು ಕರೆಸಿಕೊಳ್ಳುವ ಮಾತನ್ನೂ ಆಡಿದ. ಸ್ವಲ್ಪ ತಾಳು ಎಂದೆ. ಜನವರಿಯಲ್ಲಿ ಪಟೇಲಪ್ಪ ಬರೆದ: ‘ತರಗತಿಯಲ್ಲಿ ಪ್ರಾಧ್ಯಾಪಕರ ವಾದವನ್ನು ಒಪ್ಪುವುದಿಲ್ಲವೆಂದು ಇವಳು ಎದ್ದು ಹೇಳಿದಳು. ಅವರು ಸಿಟ್ಟಾಗಲಿಲ್ಲ, ಕಾರಣ ಕೇಳಿದರು.’ ನಮ್ಮ ಮನೆಯಲ್ಲಿ ಅತಿ ಮೆತ್ತಗೆ ಮಾತನಾಡುತ್ತಿದ್ದ ಹುಡುಗಿ ಅವಳು. ಈ ಗಳಿಕೆಯನ್ನು ಅಳೆಯುವ ಮಾಪನವನ್ನು ನಾನು ಓದಿದ ಅರ್ಥಶಾಸ್ತ್ರದಲ್ಲಿ ಕಂಡಿಲ್ಲ.

ಅಳೆಯಬಹುದಾದದ್ದನ್ನಾದರೂ ನಾವು ಸರಿಯಾಗಿ ಅಳೆಯುತ್ತಿದ್ದೇವೆಯೇ? ಉತ್ತಮ ಅಂಕಗಳೊಡನೆ ಮರಳಿದ ಅವಳಿಗೆ ಇಲ್ಲಿನ ಕಚೇರಿ ಹೇಳಿದ್ದು, ಎರಡು ವಿಷಯಗಳ ಪಠ್ಯಕ್ರಮ ತಾಳೆಯಾಗುವುದಿಲ್ಲ, ಪರೀಕ್ಷೆಯನ್ನು ಮತ್ತೆ ಬರೆಯಬೇಕು ಎಂದು.

ಇತಿಹಾಸದಲ್ಲಿ ಇದಕ್ಕೊಂದು ನಿದರ್ಶನವಿದೆ. 1950ರ ದಶಕದ ಕೊನೆಯಲ್ಲಿ ಸೋಫಿಯಾ ಕೊರಾಡಿ ಎಂಬ ಇಟಲಿಯ ವಿದ್ಯಾರ್ಥಿನಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಮರಳಿದಾಗ, ಆ ಓದಿಗೆ ಮಾನ್ಯತೆ ಕೊಡಲು ತಾಯ್ನಾಡಿನ ವಿಶ್ವವಿದ್ಯಾಲಯ ನಿರಾಕರಿಸಿತು. ಆ ಅವಮಾನವನ್ನು ಅವರು ಮರೆಯಲಿಲ್ಲ. ಅವರ ದಶಕಗಳ ಪ್ರಯತ್ನ 1987ರಲ್ಲಿ ಎರಾಸ್ಮಸ್ ಹೆಸರಿನ ಯೋಜನೆ ರೂಪುಗೊಳ್ಳಲು ನೆರವಾಯಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಅದರಡಿ ಹೋಗಿಬಂದರು. ಶಿಕ್ಷಕರು, ತರಬೇತಿಯ ಅಭ್ಯರ್ಥಿಗಳೂ ಸೇರಿದಂತೆ ಫಲಾನುಭವಿಗಳ ಸಂಖ್ಯೆ ಇಂದು ಒಂದೂವರೆ ಕೋಟಿಯನ್ನು ದಾಟಿದೆ. ಕೊರಾಡಿ 2025ರಲ್ಲಿ ನಿಧನರಾದರು. ಆ ಯೋಜನೆಯ ಬಲ ಇರುವುದು ಒಂದು ಸರಳ ಪತ್ರದಲ್ಲಿ. ಯಾವ ವಿಷಯಗಳನ್ನು ಓದಬೇಕು, ಮರಳಿದ ಮೇಲೆ ಅವನ್ನು ಹೇಗೆ ಪರಿಗಣಿಸಲಾಗುವುದು ಎಂಬುದಕ್ಕೆ ಎರಡೂ ಸಂಸ್ಥೆಗಳು ಮತ್ತು ವಿದ್ಯಾರ್ಥಿ ಮೊದಲೇ ಸಹಿ ಹಾಕುತ್ತಾರೆ.

ನಮ್ಮಲ್ಲಿ ನಿಯಮಗಳು ಇಲ್ಲವೆನ್ನುವಂತಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ಕ್ರೆಡಿಟ್ ಬ್ಯಾಂಕ್ ವ್ಯವಸ್ಥೆಯನ್ನು ತಂದಿತು. ಟ್ವಿನ್ನಿಂಗ್ ಕಾರ್ಯಕ್ರಮದಡಿ ಶೇ 30ರವರೆಗಿನ ಕ್ರೆಡಿಟ್‌ಗಳನ್ನು ವಿದೇಶಿ ಸಂಸ್ಥೆಯಲ್ಲಿ ಗಳಿಸಲು ಅದರ 2022ರ ನಿಯಮಾವಳಿ ಅವಕಾಶ ನೀಡುತ್ತದೆ. ಕೊರತೆ ಇರುವುದು ಕಡತ ವಿಲೇವಾರಿ ಮಾಡುವವರ ಮನೋಭಾವದಲ್ಲಿ. ಇದನ್ನು ಬರೆಯುವಾಗ ನನಗೆ ಸಂಕೋಚವಿದೆ. ಸೇವೆಯಲ್ಲಿದ್ದಾಗ, ನಾಲ್ಕು ತಿಂಗಳ ವಿದೇಶ ಅಧ್ಯಯನಕ್ಕೆ ಅನುಮತಿ ಕೋರಿದ್ದ ಯುವ ಉಪನ್ಯಾಸಕರೊಬ್ಬರ ಅರ್ಜಿಯ ಮೇಲೆ ‘ನಿಯಮದಲ್ಲಿ ಅವಕಾಶವಿಲ್ಲ’ ಎಂದು ಷರಾ ಬರೆದವನು ನಾನೇ. ನಿಯಮದಲ್ಲಿ ನಿಷೇಧವೂ ಇರಲಿಲ್ಲ. ಅದನ್ನು ಹುಡುಕುವ ಶ್ರಮವನ್ನು ನಾನು ತೆಗೆದುಕೊಳ್ಳಲಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ವಿನಿಮಯ ಒಪ್ಪಂದದಡಿ ಅಲ್ಲಿ ಬೋಧನಾ ಶುಲ್ಕವಿರಲಿಲ್ಲ. ಆದರೆ ವಿಮಾನ, ಬಾಡಿಗೆ, ಊಟದ ವೆಚ್ಚಕ್ಕೆ ತಮ್ಮ ಸಾಲ ಮಾಡಿದ. ಸಾಲ ಹುಟ್ಟದ ಮನೆಯ ಮಕ್ಕಳ ಗತಿಯೇನು? ಪರಿಶಿಷ್ಟ ಜಾತಿ ಮೊದಲಾದ ವರ್ಗಗಳಿಗಾಗಿ ಇರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ.ಗೆ ಮೀಸಲು. ಪದವಿಯ ನಡುವೆ ಒಂದು ಸೆಮಿಸ್ಟರ್ ಹೋಗಿಬರುವವರಿಗೆ ಅದರಲ್ಲಿ ಸ್ಥಾನವಿಲ್ಲ. ಎರಡು ವರ್ಷದ ಪದವಿಗೆ ಒಬ್ಬರನ್ನು ಕಳುಹಿಸುವ ಹಣದಲ್ಲಿ ಒಂದು ಸೆಮಿಸ್ಟರ್‌ಗೆ ಹಲವರನ್ನು ಕಳುಹಿಸಬಹುದು. ಪದವಿ ಮುಗಿಸಲು ಅವರು ಮರಳಿ ಬಂದೇ ಬರುತ್ತಾರೆ. ರಾಜ್ಯ ಸರ್ಕಾರ ತನ್ನ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಇಂಥದೊಂದು ಯೋಜನೆಯನ್ನು ಸಣ್ಣ ಪ್ರಮಾಣದಲ್ಲಾದರೂ ಆರಂಭಿಸಲಿ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿ ಹೊರಡುವ ಮುನ್ನವೇ ಕ್ರೆಡಿಟ್‌ಗಳ ಬಗ್ಗೆ ಲಿಖಿತ ಭರವಸೆ ಕೊಡಲಿ.

ಪಟೇಲಪ್ಪನ ಇತ್ತೀಚಿನ ವರದಿ ಬಂದದ್ದು ಕಾಲೇಜು ಕಚೇರಿಯ ಕಿಟಕಿಯಿಂದ: ‘ದೊಡ್ಡಪ್ಪ, ಅಲ್ಲಿ ಐದು ತಿಂಗಳಲ್ಲಿ ಓದಿ ಮುಗಿಸಿದ್ದೆವು. ಅದನ್ನು ಒಪ್ಪಿಕೊಳ್ಳುವ ಕೆಲಸ ಇಲ್ಲಿ ಆರು ತಿಂಗಳಾದರೂ ಮುಗಿದಿಲ್ಲ.’ ಮರದ ಗೊಂಬೆಗೆ ಅರ್ಥವಾದ ಲೆಕ್ಕ ನಮ್ಮ ಆಡಳಿತಕ್ಕೆ ಅರ್ಥವಾಗುವುದು ಯಾವಾಗ?