ಬಲ್ಬಿಗೆ ಬೈಬೇಡಿ, ಅರ್ತ್ ನೋಡಿ

ಹಳೇ ಬೈಕಿನ ಹೆಡ್‌ಲೈಟು ಮಂಕಾದರೆ ನಮ್ಮೂರಲ್ಲಿ ನಡೆಯೋ ಪೂಜೆ ಒಂದೇ ಥರ. ಮೊದಲು ಬಲ್ಬ್ ಬದಲಾಗುತ್ತೆ. ಸರಿಹೋಗಲಿಲ್ವಾ, ಬ್ಯಾಟರಿ. ಆಮೇಲೆ ರೆಗ್ಯುಲೇಟರ್. ಆಮೇಲೆ ಕಾಯಿಲ್. ಕೊನೆಗೆ "ಸಾರ್, ವೈರಿಂಗ್ ಕಿಟ್ಟೇ ಹೋಗಿದೆ, ಫುಲ್ ಚೇಂಜ್ ಮಾಡ್ಬಿಡೋಣ" ಅನ್ನೋ ಮಂಗಳಾರತಿ. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೆ ಒಂದು ತಿಂಗಳು ಬೆಳಕು ಚೆನ್ನಾಗಿರುತ್ತೆ. ಎರಡು ಮಳೆ ಬೀಳಲಿ, ಮತ್ತೆ ಅದೇ ಮಿಣುಕು ದೀಪ. "ಹಳೇ ಗಾಡಿ ಅಂದ್ರೆ ಹಿಂಗೇ ಗುರು" ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಹಿಂಗೇ ಅಲ್ಲ. ಹಳೇ ಬೈಕಿನ ಬೆಳಕಿನ ತೊಂದರೆ ಬಹಳಷ್ಟು ಸಲ ಪಾರ್ಟಿನಲ್ಲಿ ಇರೋದೇ ಇಲ್ಲ. ಎರಡು ಪಾರ್ಟುಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಇರುತ್ತೆ. ತುಕ್ಕು ಹಿಡಿದ ಕನೆಕ್ಟರ್, ಹಸಿರು ಪಾಚಿ ಕಟ್ಟಿದ ತಾಮ್ರ, ಪೇಂಟಿನ ಮೇಲೆ ಬಿಗಿದ ಅರ್ತ್ ಬೋಲ್ಟ್. ಇದನ್ನು ಹುಡುಕೋಕೆ ಯಾರಿಗೂ ಪುರುಸೊತ್ತಿಲ್ಲ, ಅದಕ್ಕೇ ಬದಲಾಯಿಸುತ್ತೇವೆ.

ಲೆಕ್ಕ ಬಹಳ ಸರಳ. 12 ವೋಲ್ಟ್, 35 ವ್ಯಾಟಿನ ಬಲ್ಬ್ ಸುಮಾರು 3 ಆಂಪಿಯರ್ ಎಳೆಯುತ್ತೆ. ಕರೆಂಟು ವೈರಿನಲ್ಲಿ ಬಂದು ಬಾಡಿ ಮೂಲಕ ವಾಪಸ್ ಹೋಗುತ್ತೆ. ಆ ವಾಪಸ್ ದಾರಿಯಲ್ಲಿ ತುಕ್ಕಿನಿಂದ ಬರೀ ಅರ್ಧ ಓಮ್ ಅಡ್ಡಿ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ಖರ್ಚಾಗುತ್ತೆ. ಬಲ್ಬಿಗೆ ಸಿಗೋದು ಹತ್ತೂವರೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯೋದರಿಂದ, ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾಯ. ಮೈಸೂರಿನಲ್ಲಿ ತಯಾರಾದ ಹಳೇ 6 ವೋಲ್ಟಿನ ಜಾವಾ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ: ಅಷ್ಟೇ ವ್ಯಾಟಿಗೆ ಎರಡರಷ್ಟು ಕರೆಂಟು ಬೇಕು, ಕೈಯಲ್ಲಿರೋ ವೋಲ್ಟೇಜು ಅರ್ಧ. ಅದೇ ತುಕ್ಕು ಅಲ್ಲಿ ನಾಲ್ಕು ಪಟ್ಟು ಕಾಡುತ್ತೆ. ಇದಕ್ಕೆ ಹೊಸ ಬಲ್ಬ್ ಏನು ಮಾಡೀತು? ಬೇಕಾಗಿರೋದು ಒಂದು ತುಂಡು ಮರಳು ಕಾಗದ.

ಇನ್ನೊಂದು ತಮಾಷೆ ನೋಡಿ. ಹಳೇ ಸ್ಪ್ಲೆಂಡರ್‌ನಲ್ಲಿ ಹೆಡ್‌ಲೈಟು ಉರಿಯೋದು ಬ್ಯಾಟರಿಯಿಂದ ಅಲ್ಲ, ನೇರವಾಗಿ ಮ್ಯಾಗ್ನೆಟೋ ಕಾಯಿಲಿನ ಎಸಿ ಕರೆಂಟಿನಿಂದ. ಅದಕ್ಕೇ ಸಿಗ್ನಲ್ಲಿನಲ್ಲಿ ನಿಂತಾಗ ಮಂಕು, ಆಕ್ಸಿಲರೇಟರ್ ತಿರುವಿದರೆ ಪ್ರಕಾಶ. ಆ ಗಾಡಿಗೆ "ಲೈಟ್ ಡಲ್ ಅಲ್ವಾ ಸಾರ್, ಬ್ಯಾಟರಿ ವೀಕು" ಅಂತ ಹೊಸ ಬ್ಯಾಟರಿ ಕಟ್ಟೋದು ತಲೆನೋವಿಗೆ ಮಂಡಿಗೆ ಮುಲಾಮು ಹಚ್ಚಿದ ಹಾಗೆ. ಆದರೂ ಕಟ್ಟುತ್ತಾರೆ, ನಾವೂ ದುಡ್ಡು ಕೊಟ್ಟು ಬರುತ್ತೇವೆ.

ನಿಜ ಏನಂದ್ರೆ ಗಾಡಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತೆ. ಇಂಡಿಕೇಟರ್ ಹಾಕಿದಾಗ ಟೇಲ್ ಲೈಟೂ ಜೊತೆಗೆ ಮಿಣುಕುತ್ತಾ? ಹಿಂದಿನ ಅರ್ತ್ ನೋಡಿ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಲೈಟು ಹೋಗಿ, ನೇರ ಮಾಡಿದರೆ ಬರುತ್ತಾ? ಹ್ಯಾಂಡಲ್ ಬುಡದಲ್ಲಿ ವೈರು ಬಾಗಿ ಬಾಗಿ ಒಳಗೇ ತುಂಡಾಗಿದೆ. ಸ್ಪೀಡಾಗಿ ಓಡಿಸಿದಾಗೆಲ್ಲ ಬಲ್ಬ್ ಸುಡುತ್ತಾ? ರೆಗ್ಯುಲೇಟರ್, ಅಥವಾ ಅದರ ಅರ್ತ್. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮೂರೂ ಒಟ್ಟಿಗೆ ಸತ್ತಿವೆಯಾ? ಫ್ಯೂಸ್ ನೋಡದೆ ಬೇರೇನೂ ಮುಟ್ಟಬೇಡಿ.

ಕೇಳಿದ್ದು ನಿಜವಾ ಅಂತ ತಿಳಿಯೋಕೆ ಎಸ್‌ಪಿ ರೋಡಿನಲ್ಲಿ ಸಿಗೋ ಸಾಮಾನ್ಯ ಮಲ್ಟಿಮೀಟರ್ ಸಾಕು. ಗಾಡಿ ಆಫ್ ಆಗಿದ್ದಾಗ ಬ್ಯಾಟರಿ 12.5ರ ಆಸುಪಾಸು ತೋರಿಸಬೇಕು. ಇಂಜಿನ್ ರೇಸ್ ಮಾಡಿದಾಗ 14ರ ಆಸುಪಾಸು. ಏರಲೇ ಇಲ್ಲ ಅಂದ್ರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಇನ್ನು ಬ್ರೇಕ್ ಒತ್ತಿ ಹಿಡಿದು, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಟೇಲ್ ಲೈಟ್ ಹೋಲ್ಡರಿನ ಅರ್ತಿಗೆ ಇಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ, ಒಂದು ವೋಲ್ಟ್ ತೋರಿಸಿತೋ, ಕಳ್ಳ ಸಿಕ್ಕಿಬಿದ್ದ. ಹೌದು, ಕಾಯಿಲ್ ಸುಡುತ್ತೆ, ಬ್ಯಾಟರಿ ಸಾಯುತ್ತೆ. ಬದಲಾಯಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಅಳೆದು ಬದಲಾಯಿಸಿ ಅಂತಿದ್ದೀನಿ.

"ಇಷ್ಟೆಲ್ಲ ಯಾಕೆ, ಎಲ್‌ಇಡಿ ಹಾಕಿದ್ರಾಯ್ತು" ಅನ್ನೋರಿದ್ದಾರೆ. ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಫಿಲಮೆಂಟಿಗೆ ಅಂತ ಮಾಡಿದ ರಿಫ್ಲೆಕ್ಟರಿನೊಳಗೆ ಯಾವುದೋ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಗೆ ಬೀಳೋದು ಬಿಟ್ಟು ಎಲ್ಲೆಂದರಲ್ಲಿ ಚೆಲ್ಲುತ್ತೆ, ಮುಖ್ಯವಾಗಿ ಎದುರಿನವರ ಕಣ್ಣಿಗೆ. ಇನ್ನು 100/90 ವ್ಯಾಟಿನ ಬಲ್ಬ್ ಹಾಕುವ ಶೂರರು 3 ಆಂಪಿಯರಿಗೆ ಕೊಟ್ಟ ವೈರಿನಲ್ಲಿ 8 ಆಂಪಿಯರ್ ಹರಿಸಿ, ಸ್ವಿಚ್ಚು ಹೋಲ್ಡರು ಎರಡನ್ನೂ ಕರಗಿಸಿಕೊಳ್ಳುತ್ತಾರೆ. ನಮ್ಮ ಗಾಡಿಯ ತುಕ್ಕು ಉಜ್ಜೋಕೆ ಬೇಜಾರು ಅಂತ ಎದುರಿಂದ ಬರೋ ಯಾರನ್ನೋ ಎರಡು ಕ್ಷಣ ಕುರುಡು ಮಾಡೋದು ಯಾವ ನ್ಯಾಯ? ರಾತ್ರಿ ಗುಂಡಿಗಳಿರೋ ರಸ್ತೆಯಲ್ಲಿ ಎರಡು ಕ್ಷಣ ಅಂದ್ರೆ ಬಹಳ ಹೊತ್ತು.

ಹಾಗಂತ ಎಲ್ಲ ತಪ್ಪನ್ನೂ ಮೆಕ್ಯಾನಿಕ್ ತಲೆಗೆ ಕಟ್ಟೋದು ಸುಲಭ, ಆದರೆ ಸರಿಯಲ್ಲ. ಆತ ಬಿಸಿಲಲ್ಲಿ ಒಂದೂವರೆ ಗಂಟೆ ಕೂತು, ಟ್ಯಾಂಕ್ ಬಿಚ್ಚಿ, ವೈರು ವೈರು ತಡವಿ, ಒಂದು ಸಡಿಲ ಕನೆಕ್ಟರ್ ಹುಡುಕಿ ಕೊಟ್ಟ ಅಂತಿಟ್ಟುಕೊಳ್ಳಿ. ನಾವು ಕೊಡೋದೆಷ್ಟು? "ಏನ್ ಗುರು, ಒಂದ್ ವೈರ್ ಸಿಕ್ಕಿಸಿದ್ದಕ್ಕೆ ಐನೂರಾ?" ಅದೇ ಮನುಷ್ಯ ಹತ್ತು ನಿಮಿಷದಲ್ಲಿ ಬ್ಯಾಟರಿ ಬದಲಾಯಿಸಿ ಸಾವಿರದೈನೂರರ ಬಿಲ್ಲು ಕೊಟ್ಟರೆ ಮರುಮಾತಿಲ್ಲದೆ ಫೋನ್ ತೆಗೆದು ಸ್ಕ್ಯಾನ್ ಮಾಡುತ್ತೇವೆ. ಡಬ್ಬಿಯಲ್ಲಿ ಬಂದ ವಸ್ತುವಿಗೆ ಬೆಲೆ ಇದೆ, ಹುಡುಕಿದ ಬುದ್ಧಿಗೆ ಇಲ್ಲ. ಅಂದಮೇಲೆ ಆತ ಯಾಕೆ ಹುಡುಕಬೇಕು ಹೇಳಿ?

ಇದನ್ನು ಮಾಡೋರು ಯಾರು? ಆಫೀಸಿನಲ್ಲಿ ಅಪ್ಲಿಕೇಶನ್ ಬಿದ್ದರೆ "ಲಾಗ್ ಎಲ್ಲಿ, ರೂಟ್ ಕಾಸ್ ಏನು" ಅಂತ ರಾತ್ರಿಯಿಡೀ ಕಾಲ್‌ನಲ್ಲಿ ಕೂರುವ ನಾವೇ. ಸರ್ವರ್ ಸ್ಲೋ ಆಯ್ತು ಅಂತ ನೋಡದೆ ಕೇಳದೆ ಹೊಸ ಸರ್ವರ್ ತರಿಸಿದವನನ್ನು ಮ್ಯಾನೇಜರ್ ಸುಮ್ಮನೆ ಬಿಡ್ತಾರಾ? ಡಿಬಗ್ ಮಾಡೋಕೆ ನಮಗೆ ಸಂಬಳ ಬೇಕು, ಡಿಬಗ್ ಮಾಡೋ ಮೆಕ್ಯಾನಿಕ್ಕಿಗೆ ಕೂಲಿ ಕೊಡೋಕೆ ಮನಸ್ಸಿಲ್ಲ. ಲಕ್ಷಕ್ಕೂ ಹೆಚ್ಚು ಕೊಟ್ಟು ಆರ್‌ಎಕ್ಸ್ 100 ಕೊಂಡು, ಸೈಲೆನ್ಸರಿನ ಸದ್ದಿಗೆ ಸ್ಟೇಟಸ್ ಹಾಕಿ, ಅದರ ಹಿಂದಿನ ದೀಪ ಉರಿಯುತ್ತಿದೆಯಾ ಅಂತ ಒಮ್ಮೆಯೂ ಬಗ್ಗಿ ನೋಡದವರನ್ನು ಏನನ್ನೋಣ? 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟು ಹಗಲಲ್ಲೂ ತಾನಾಗೇ ಉರಿಯುತ್ತೆ. ಅಷ್ಟು ಬೆಳಕಿನ ನಡುವೆ ದೀಪ ಸತ್ತ ನಿಮ್ಮ ಹಳೇ ಗಾಡಿ ಹಿಂದಿನ ಲಾರಿಯವನಿಗೆ ಕಾಣೋದಾದರೂ ಹೇಗೆ?

ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಏನ್ ಚೇಂಜ್ ಮಾಡ್ಬೇಕು" ಅಂತ ಕೇಳಬೇಡಿ. "ಅಣ್ಣಾ, ಪ್ರಾಬ್ಲಮ್ ಹುಡುಕೋಕೆ ಎಷ್ಟು ತಗೋತೀರಾ?" ಅಂತ ಕೇಳಿ. ಹೇಳಿದಷ್ಟು ಕೊಡಿ, ಚೌಕಾಸಿ ಬೇಡ. ಮೀಟರ್ ಹಿಡಿದು ಕೂರುವವನ ಅಂಗಡಿ ಉಳಿದರೆ ನಿಮ್ಮ ಹಳೇ ಗಾಡಿಯೂ ಉಳಿಯುತ್ತೆ.